‘ಸುಳ್ಳಾಗಿದ್ದರೆ ಏನು ಕಾಣುತ್ತಿತ್ತು?’: ದಿನನಿತ್ಯದ ತರ್ಕದೋಷ ಹಿಡಿಯಲು ಒಂದು ಸಮಗ್ರ ಮಾರ್ಗದರ್ಶಿ

ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಈ ಸಲ ಈರುಳ್ಳಿಯೋ ಮೆಕ್ಕೆಜೋಳವೋ, ಮಗಳನ್ನು ಯಾವ ಪಿಯು ಕಾಲೇಜಿಗೆ ಸೇರಿಸಬೇಕು, ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇವೆ ಎನ್ನುವವರ ಕೈಗೆ ದುಡ್ಡು ಕೊಡಬೇಕೋ ಬೇಡವೋ. ದಾವಣಗೆರೆ, ಚಿತ್ರದುರ್ಗ ಸೀಮೆಯ ಮನೆಗಳಲ್ಲಿ ಲಕ್ಷಗಟ್ಟಲೆ ಹಣ ಉಳಿಯುವುದೂ ಮುಳುಗುವುದೂ ಇಂಥ ತೀರ್ಮಾನಗಳಲ್ಲೇ. ಮುಳುಗಿದವರು ದಡ್ಡರೇನಲ್ಲ. ಓದಿದವರು, ವ್ಯವಹಾರ ಬಲ್ಲವರು, ಹತ್ತು ಜನಕ್ಕೆ ಬುದ್ಧಿ ಹೇಳುವವರು ಕೂಡ ಎಡವುತ್ತಾರೆ. ಎಲ್ಲರೂ ಎಡವುವುದು ಬಹುಪಾಲು ಅವೇ ಏಳೆಂಟು ಜಾಗಗಳಲ್ಲಿ. ಆ ಜಾಗಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಬಹುದು.

ತರ್ಕದೋಷಗಳ ಹೆಸರು ಬಾಯಿಪಾಠ ಮಾಡಿದರೆ ಹೆಚ್ಚು ಉಪಯೋಗವಿಲ್ಲ. ಹೆಸರು ಕಲಿತವರು ಸಾಮಾನ್ಯವಾಗಿ ಎದುರಿನವರ ತಪ್ಪು ಹುಡುಕುವುದರಲ್ಲೇ ನಿಂತುಬಿಡುತ್ತಾರೆ. ಹೆಸರುಗಳ ಬದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ: ನಾನು ನಂಬಿರುವುದು ಸುಳ್ಳಾಗಿದ್ದರೆ ನನಗೆ ಏನು ಕಾಣುತ್ತಿತ್ತು? ಈಗ ಕಾಣುತ್ತಿರುವುದೇ ಆಗಲೂ ಕಾಣುವಂತಿದ್ದರೆ ಅದು ಸಾಕ್ಷಿಯಲ್ಲ.

ಇದು ಹೊರಗಿನಿಂದ ತಂದ ವಿದ್ಯೆಯೇನೂ ಅಲ್ಲ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದವರು ಹುಸಿ ಕಾರಣಗಳನ್ನು ಹೇತ್ವಾಭಾಸ ಎಂದು ಕರೆದು ಐದು ಬಗೆ ಮಾಡಿದ್ದಾರೆ: ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ. ಮೊದಲನೆಯ ಸವ್ಯಭಿಚಾರವೇ ನಮ್ಮ ಪ್ರಶ್ನೆ. ಹೊಗೆ ಇದ್ದರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಎನ್ನುವಂತಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಸಾಧಿಸಬೇಕಾದದ್ದು ಇದ್ದಾಗಲೂ ಇಲ್ಲದಾಗಲೂ ಕಾಣಿಸಿಕೊಳ್ಳುವ ಕಾರಣ ಏನನ್ನೂ ಸಾಧಿಸುವುದಿಲ್ಲ.

ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ನು, ಅರ್ಧ ಗಂಟೆ. ಮನಸ್ಸಿನಲ್ಲೇ ಮಾಡಿದರೆ ಆಗುವುದಿಲ್ಲ. ಮನಸ್ಸು ಹೇಳಿದ ಮಾತನ್ನು ನಡುವೆಯೇ ಬದಲಿಸುತ್ತದೆ. ಕಾಗದದ ಮೇಲಿನ ಸಾಲು ಹಾಗೇ ಇರುತ್ತದೆ.

ಹೆಜ್ಜೆ 1: ನಂಬಿಕೆಯನ್ನು ಒಂದು ಸಾಲಿಗೆ ಇಳಿಸಿ

ಬೋರ್‌ವೆಲ್‌ಗೆ ಜಾಗ ನೋಡಿ ಹೇಳುವವರ ಬಗ್ಗೆ “ಆ ಅಜ್ಜ ಪಾಯಿಂಟ್ ತೋರಿಸಿದ್ರೆ ನೀರು ಬಿದ್ದೇ ಬೀಳುತ್ತೆ” ಎನ್ನುವ ಮಾತನ್ನು ಪರೀಕ್ಷಿಸಲು ಆಗುವುದಿಲ್ಲ. ಎಷ್ಟು ನೀರು, ಎಷ್ಟು ಅಡಿಗೆ, ಎಷ್ಟು ದಿನ? ಹೀಗೆ ಬರೆಯಿರಿ: “ಅವರು ತೋರಿಸಿದ ಜಾಗದಲ್ಲಿ 500 ಅಡಿಯೊಳಗೆ ಎರಡು ಇಂಚು ನೀರು ಸಿಗುತ್ತದೆ, ಒಂದು ಬೇಸಿಗೆ ತಡೆಯುತ್ತದೆ. ಅವರಿಗೆ ತೋರಿಸದೆ ಕೊರೆದರೆ ಸಿಗುವ ಸಾಧ್ಯತೆ ಇದಕ್ಕಿಂತ ಕಡಿಮೆ.” ಎರಡನೆಯ ವಾಕ್ಯ ಬಿಡಬೇಡಿ. ಹೋಲಿಸಲು ಇನ್ನೊಂದು ಇಲ್ಲದ ಮಾತಿಗೆ ಅರ್ಥವಿಲ್ಲ.

ಮೊದಲೇ ಬರೆದಿಡದಿದ್ದರೆ ಏನಾಗುತ್ತದೆ ಗೊತ್ತೇ? ನೀರು ಬೀಳದಿದ್ದಾಗ “ಸೆಲೆ ಇತ್ತು, ಪಕ್ಕದಲ್ಲಿ ಹೋಯ್ತು”, “ಗಾಡಿಯವನು ಎರಡಡಿ ಆಚೆ ಇಟ್ಟ”, “ಇನ್ನೂ ಐವತ್ತು ಅಡಿ ಹೋಗಬೇಕಿತ್ತು” ಎಂಬ ಮಾತುಗಳು ಬರುತ್ತವೆ. ಎಲ್ಲ ಫಲಿತಾಂಶಕ್ಕೂ ಹೊಂದಿಕೊಳ್ಳುವ ನಂಬಿಕೆ ಯಾವ ಫಲಿತಾಂಶವನ್ನೂ ಮೊದಲೇ ಹೇಳುವುದಿಲ್ಲ.

ಹೆಜ್ಜೆ 2: ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಣ್ಣಾರೆ ಕಂಡದ್ದು ಅಥವಾ ಕಾಗದಪತ್ರದಲ್ಲಿ ಇರುವುದು, ಬಲಕ್ಕೆ ಅದರಿಂದ ತೆಗೆದ ಅರ್ಥ. “ಅವರು ಫೋನ್ ಎತ್ತಲಿಲ್ಲ” ಎಡಕ್ಕೆ, “ಬೇಕಂತಲೇ ಎತ್ತಲಿಲ್ಲ” ಬಲಕ್ಕೆ. “ಯಾರೋ ಹೇಳಿದರು” ಎಂಬುದೆಲ್ಲ ಬಲಕ್ಕೇ ಹೋಗಬೇಕು, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ.

ಮುಂಜಾನೆ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಬೆಳ್ಳಗೆ ಎದ್ದದ್ದು ಮಂಜಾಗಿದ್ದರೆ, ಅದನ್ನು ಹೊಗೆ ಎಂದುಕೊಂಡು ಕಾಡಿಗೆ ಬೆಂಕಿ ಬಿದ್ದಿದೆ ಎನ್ನುವುದು ಅಸಿದ್ಧ ದೋಷ. ಇಲ್ಲಿ ತರ್ಕದಲ್ಲಿ ತಪ್ಪಿಲ್ಲ, ಬುಡದಲ್ಲಿರುವ ಸಂಗತಿಯೇ ಸಿದ್ಧವಾಗಿಲ್ಲ. ವಾಟ್ಸಾಪ್‌ನಲ್ಲಿ ಬರುವ ಬಹಳಷ್ಟು ಸುದ್ದಿಗಳ ತೊಂದರೆ ಇದೇ. ಅವುಗಳ ತರ್ಕ ತಿದ್ದಲು ಹೋಗಬೇಡಿ, ಮೊದಲು ಘಟನೆ ನಡೆದಿದೆಯೇ ನೋಡಿ.

ಹೆಜ್ಜೆ 3: ನಾಲ್ಕು ಮನೆಯ ಚೌಕ ತುಂಬಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಚೌಕ ಬರೆದು ನಾಲ್ಕು ಮನೆ ಮಾಡಿ. ಮೇಲಿನ ಸಾಲು: ಪಾಯಿಂಟ್ ನೋಡಿಸಿ ಕೊರೆಸಿದ್ದು. ಕೆಳಗಿನ ಸಾಲು: ನೋಡಿಸದೆ ಕೊರೆಸಿದ್ದು. ಎಡ ಕಂಬ: ನೀರು ಬಿದ್ದದ್ದು. ಬಲ ಕಂಬ: ಫೇಲಾದದ್ದು.

ಹೊಳಲ್ಕೆರೆ ಕಡೆಯ ಒಂದು ಊರು ಎಂದುಕೊಳ್ಳಿ. ಲೆಕ್ಕಕ್ಕಾಗಿ ಹಿಡಿದ ಅಂಕಿಗಳು ಇವು: ತೆಂಗಿನಕಾಯಿ ಹಿಡಿದು ನೋಡಿಸಿದ ಬೋರ್ 30, ಅದರಲ್ಲಿ 18ಕ್ಕೆ ನೀರು, 12 ಫೇಲು. ನೋಡಿಸದೆ ಕೊರೆಸಿದ್ದು 10, ಅದರಲ್ಲಿ 6ಕ್ಕೆ ನೀರು, 4 ಫೇಲು. ಅರಳಿಕಟ್ಟೆಯಲ್ಲಿ ಕೇಳಿದರೆ ಒಂದೇ ಮಾತು: “ಹದಿನೆಂಟು ಬೋರಿಗೆ ನೀರು ತೋರ್ಸಿದಾನೆ ಕಣಪ್ಪ!” ಮಾತು ಸುಳ್ಳಲ್ಲ. ಆದರೆ 30ರಲ್ಲಿ 18 ಎಂದರೂ 10ರಲ್ಲಿ 6 ಎಂದರೂ ನೂರಕ್ಕೆ 60. ನೋಡಿಸಿದ್ದರಿಂದ ಏನೂ ಹೆಚ್ಚಾಗಲಿಲ್ಲ. ನೀರು ಕೊಟ್ಟದ್ದು ಆ ಭೂಮಿ.

ಜನ ಮೇಲಿನ ಎಡ ಮನೆಯನ್ನು ಮಾತ್ರ ಯಾಕೆ ನೋಡುತ್ತಾರೆ? ನೀರು ಚಿಮ್ಮಿದಾಗ ಊರೇ ಸೇರುತ್ತದೆ, ಪೂಜೆ ಆಗುತ್ತದೆ, ಫೋಟೋ ಹರಿದಾಡುತ್ತದೆ. ಫೇಲಾದ ಬೋರಿನ ಬಾಯಿಗೆ ಕ್ಯಾಪ್ ಹಾಕಿ ಸುಮ್ಮನಾಗುತ್ತಾರೆ. ನೋಡಿಸದೆ ಕೊರೆಸಿದವರ ಸುದ್ದಿಯಂತೂ ಯಾರಿಗೂ ಬೇಡ. ಹಾಗಾಗಿ ಉಳಿದ ಮೂರು ಮನೆಗಳ ಅಂಕಿ ತಾನಾಗಿ ಬರುವುದಿಲ್ಲ, ನೀವೇ ಹೋಗಿ ಕೇಳಬೇಕು. ಸುತ್ತಲಿನ ಹತ್ತಿಪ್ಪತ್ತು ಹೊಲದವರನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ನೋಡಿಸಿದ್ರಾ, ಎಷ್ಟು ಅಡಿ, ನೀರು ಎಷ್ಟು ದಿನ ಬಂತು.

ಪೀಟರ್ ವೇಸನ್ ಎಂಬ ಮನೋವಿಜ್ಞಾನಿ 1960ರಲ್ಲಿ ಇದೇ ಸ್ವಭಾವವನ್ನು ತೋರಿಸಿದರು. 2, 4, 6 ಎಂಬ ಮೂರು ಸಂಖ್ಯೆ ಕೊಟ್ಟು, ಇದರ ಹಿಂದಿನ ನಿಯಮ ಹುಡುಕಿ ಎಂದರು. ಜನ ತಾವೇ ಮೂರು ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಕೇಳಬಹುದಿತ್ತು. ಹೆಚ್ಚಿನವರು “ಎರಡೆರಡು ಏರುತ್ತದೆ” ಎಂದು ಊಹಿಸಿ 8, 10, 12 ಎಂದು ಕೇಳಿದರು. ಉತ್ತರ ಹೌದು. 20, 22, 24? ಹೌದು. ಖಾತ್ರಿಯಾಯಿತು ಎಂದರು. ನಿಯಮ ಬರೀ “ಏರುವ ಸಂಖ್ಯೆಗಳು” ಎಂದಷ್ಟೇ ಇತ್ತು. 1, 7, 50 ಎಂದು ಒಮ್ಮೆ ಕೇಳಿದ್ದರೆ ಊಹೆ ಅಲ್ಲೇ ಮುರಿಯುತ್ತಿತ್ತು. ‘ಹೌದು’ ಬರುವ ಪ್ರಶ್ನೆಯನ್ನೇ ನಾವು ಹುಡುಕುತ್ತೇವೆ. ‘ಇಲ್ಲ’ ಬರಬಹುದಾದ ಪ್ರಶ್ನೆಯನ್ನು ಬೇಕೆಂದೇ ಕೇಳಬೇಕು.

ಔಷಧಿ ಸಿಂಪಡಣೆಗೂ ಇದೇ ಚೌಕ. 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮೆಕ್ಕೆಜೋಳದ ಸುಳಿ ತಿನ್ನುತ್ತದೆ. ಔಷಧಿ ಹೊಡೆದ ವಾರದಲ್ಲಿ ಹುಳು ಕಡಿಮೆಯಾದರೆ ಔಷಧಿಯೇ ಕೆಲಸ ಮಾಡಿತು ಅನ್ನಿಸುತ್ತದೆ. ಅದೇ ವಾರ ಜೋರು ಮಳೆ ಬಿದ್ದಿರಬಹುದು, ಮರಿಹುಳು ಮಳೆಗೂ ಸಾಯುತ್ತವೆ. ಬೆಳೆದ ಹುಳು ಕೋಶವಾಗಲು ಮಣ್ಣಿಗೆ ಇಳಿದಿರಬಹುದು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಇದೆಯೇ ಎಂದು ತಿಳಿಯಲು ಕಾಗೆ ಕೂರದ ಕೊಂಬೆಯನ್ನೂ ನೋಡಬೇಕು. ಹೊಸ ಔಷಧಿ ತಂದಾಗ ಹೊಲದ ನಡುವೆ ನಾಲ್ಕು ಸಾಲು ಹೊಡೆಯದೆ ಬಿಡಿ. ಬದುವಿನ ಪಕ್ಕದ ಸಾಲು ಬೇಡ, ಅಲ್ಲಿ ಗಾಳಿ, ನೆರಳು ಬೇರೆ. ಹೊಡೆಯುವ ದಿನವೇ ಎರಡೂ ಕಡೆ ಐವತ್ತೈವತ್ತು ಗಿಡ ನೋಡಿ, ಹುಳು ಇರುವ ಗಿಡ ಎಷ್ಟು ಎಂದು ಬರೆಯಿರಿ. ವಾರ ಬಿಟ್ಟು ಮತ್ತೆ ಎಣಿಸಿ. ಎರಡೂ ಕಡೆ ಒಂದೇ ಸಮ ಇಳಿದಿದ್ದರೆ ಮುಂದಿನ ಸಲ ಆ ದುಡ್ಡು ಉಳಿಯಿತು.

ಬೈಗುಳದ ವಿಷಯದಲ್ಲೂ ಹೀಗೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಂದಿಗಿಂತ ತೀರಾ ಕಡಿಮೆ ಅಂಕ ಬಂದ ಮಗುವಿಗೆ ಬೈದರೆ ಮುಂದಿನ ಸಲ ಹೆಚ್ಚು ಬರುತ್ತದೆ. ತೀರಾ ಹೆಚ್ಚು ಬಂದಾಗ ಹೊಗಳಿದರೆ ಮುಂದಿನ ಸಲ ಇಳಿಯುತ್ತದೆ. ಬೈಯದಿದ್ದರೂ ಹೊಗಳದಿದ್ದರೂ ಅದೇ ಆಗುತ್ತಿತ್ತು, ಏಕೆಂದರೆ ಅತಿ ಕೆಟ್ಟ ದಿನದ ಮರುದಿನ ಬಹುಪಾಲು ಸಾಮಾನ್ಯ ದಿನವೇ ಆಗಿರುತ್ತದೆ. ಇಸ್ರೇಲಿನ ವಿಮಾನ ತರಬೇತುದಾರರು ಇದೇ ಭ್ರಮೆಯಲ್ಲಿ ಬೈಗುಳವೇ ಮದ್ದು ಎಂದು ನಂಬಿದ್ದನ್ನು ಮನೋವಿಜ್ಞಾನಿ ಡೇನಿಯಲ್ ಕಾನ್ಮನ್ ಗುರುತಿಸಿದ್ದರು. ಎಷ್ಟು ಮಕ್ಕಳು ಈ ಲೆಕ್ಕದ ತಪ್ಪಿಗೆ ಸುಮ್ಮನೆ ಏಟು ತಿಂದಿದ್ದಾರೋ!

ಹೆಜ್ಜೆ 4: ‘ಎಷ್ಟರಲ್ಲಿ ಎಷ್ಟು?’ ಎಂದು ಕೇಳಿ

ಆರೋಗ್ಯ ತಪಾಸಣಾ ಶಿಬಿರದಲ್ಲಿ ಒಂದು ರಕ್ತಪರೀಕ್ಷೆ ಪಾಸಿಟಿವ್ ಬಂತು ಎನ್ನಿ. “ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುವ ಪರೀಕ್ಷೆ” ಎಂದು ಕೇಳಿದ ಕೂಡಲೇ ನನಗೆ ಕಾಯಿಲೆ ಇರುವ ಸಾಧ್ಯತೆ ನೂರಕ್ಕೆ ತೊಂಬತ್ತು ಎಂದು ಎದೆ ಒಡೆದುಕೊಳ್ಳುತ್ತೇವೆ. ಶೇಕಡಾ ಬಿಟ್ಟು ತಲೆ ಎಣಿಸಿ. ಶಿಬಿರಕ್ಕೆ 1,000 ಜನ ಬಂದರು, ಅವರಲ್ಲಿ 10 ಜನಕ್ಕೆ ಕಾಯಿಲೆ ಇದೆ, 9 ಜನ ಸಿಕ್ಕರು. ಉಳಿದ 990 ಆರೋಗ್ಯವಂತರಲ್ಲಿ ಪರೀಕ್ಷೆ ನೂರಕ್ಕೆ ಐವರನ್ನು ತಪ್ಪಾಗಿ ಪಾಸಿಟಿವ್ ತೋರಿಸಿದರೆ ಸುಮಾರು 50 ಜನ. ಒಟ್ಟು 59 ಪಾಸಿಟಿವ್, ನಿಜವಾಗಿ ಕಾಯಿಲೆ ಇರುವವರು 9. ಅಂದರೆ ನೂರಕ್ಕೆ ಸುಮಾರು 15.

ಇದರಿಂದ ರಿಪೋರ್ಟ್ ಹರಿದು ಹಾಕಿ ಎಂದು ಅರ್ಥ ಮಾಡಿಕೊಳ್ಳಬೇಡಿ. ಖಚಿತಪಡಿಸುವ ಎರಡನೆಯ ಪರೀಕ್ಷೆ ಮಾಡಿಸಲೇಬೇಕು. ಲಕ್ಷಣಗಳು ಇದ್ದು ವೈದ್ಯರೇ ಬರೆದುಕೊಟ್ಟ ಪರೀಕ್ಷೆಯಾದರೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಸಾವಿರಕ್ಕೆ ಹತ್ತು ಎಂಬ ಬುಡದ ಅಂಕಿಯೇ ಬದಲಾಗಿ ಬಹಳ ಮೇಲೇರಿರುತ್ತದೆ.

ಬುಡದ ಅಂಕಿಯನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟೆ (ಜನರ ಬಾಯಲ್ಲಿ ಮಾರಿಕಣಿವೆ) 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ತುಂಬಿ ಹರಿಯಲಿಲ್ಲ. “ಮಾರಿಕಣಿವೆ ಇನ್ನು ತುಂಬೋದುಂಟಾ” ಎಂಬುದು ಅನುಭವದ ಮಾತೇ ಆಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಅಲ್ಲಿಗೆ ಬರುತ್ತಿದೆ. ಹಳೆಯ ಲೆಕ್ಕ ಹಳೆಯ ಕಾರಣಗಳು ಇರುವವರೆಗೆ ಮಾತ್ರ ನಡೆಯುತ್ತದೆ. ಆದ್ದರಿಂದ ಬುಡದ ಅಂಕಿಯ ಪಕ್ಕ ಒಂದು ಸಾಲು ಬರೆಯಿರಿ: ಆಗಿನಿಂದ ಈಗಿನವರೆಗೆ ಏನು ಬದಲಾಗಿದೆ?

ಹೆಜ್ಜೆ 5: ಫೋಟೋದಲ್ಲಿ ಇಲ್ಲದವರನ್ನು ಹುಡುಕಿ

ದಾವಣಗೆರೆಯಲ್ಲಿ ಫಲಿತಾಂಶ ಬಂದ ವಾರ ಸರ್ಕಲ್‌ಗಳಲ್ಲೆಲ್ಲ ಕಾಲೇಜು, ಕೋಚಿಂಗ್ ಸೆಂಟರುಗಳ ಫ್ಲೆಕ್ಸ್. ನಲವತ್ತು ನಗುಮುಖ, ಕೆಳಗೆ ರ‍್ಯಾಂಕ್. ಪಾಠ ಕೆಟ್ಟದಾಗಿದ್ದರೂ ಸಾವಿರ ಮಕ್ಕಳನ್ನು ಸೇರಿಸಿಕೊಂಡ ಕಡೆ ನಲವತ್ತು ಜನ ಚೆನ್ನಾಗಿ ಮಾಡಿಯೇ ಮಾಡುತ್ತಾರೆ. ಹತ್ತನೇ ಕ್ಲಾಸಿನಲ್ಲೇ 95 ದಾಟಿದವರನ್ನು ಆರಿಸಿಕೊಂಡಿದ್ದರಂತೂ ಕೇಳುವುದೇ ಬೇಡ. ಕಚೇರಿಗೆ ಹೋದಾಗ ಇವನ್ನು ಕೇಳಿ: ಆ ವರ್ಷ ಸೇರಿದವರು ಎಷ್ಟು, ನಡುವೆ ಬಿಟ್ಟವರು ಎಷ್ಟು, ನಮ್ಮ ಮಗುವಿನಷ್ಟೇ, ಉದಾಹರಣೆಗೆ 75–80, ಅಂಕ ತಂದು ಸೇರಿದವರು ಕೊನೆಗೆ ಎಲ್ಲಿ ಮುಟ್ಟಿದರು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಫ್ಲೆಕ್ಸ್ ನಿಮಗೆ ಏನೂ ಹೇಳಿಲ್ಲ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಗುಂಡೇಟು ತಿಂದ ವಿಮಾನಗಳ ಲೆಕ್ಕಕ್ಕೆ ಇದೇ ದೃಷ್ಟಿ ಹಾಯಿಸಿದರು. ವಾಪಸ್ ಬಂದ ವಿಮಾನಗಳಲ್ಲಿ ಎಲ್ಲಿ ತೂತು ಕಡಿಮೆಯೋ ಅಲ್ಲಿಗೆ ಬಿದ್ದ ಏಟೇ ಹೆಚ್ಚು ಅಪಾಯದ್ದು, ಏಕೆಂದರೆ ಅಲ್ಲಿ ಏಟು ತಿಂದವು ವಾಪಸ್ ಬಂದಿಲ್ಲ. ಇಷ್ಟು ತಿಳಿಸಿಕೊಟ್ಟ ಆ ಮನುಷ್ಯ 1950ರ ಡಿಸೆಂಬರ್‌ನಲ್ಲಿ ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದಾಗ ನೀಲಗಿರಿ ಬೆಟ್ಟಗಳಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡರು.

ಚಿತ್ರದುರ್ಗ, ಚಳ್ಳಕೆರೆ ಕಡೆಯ ಈರುಳ್ಳಿ ಲೆಕ್ಕವೂ ಇಲ್ಲೇ ತಪ್ಪುತ್ತದೆ. “ಹೋದ ವರ್ಷ ಈರುಳ್ಳಿಯಲ್ಲಿ ಟ್ರ್ಯಾಕ್ಟರ್ ತಗಂಡ” ಎಂಬ ಸುದ್ದಿ ಊರೂರು ಸುತ್ತುತ್ತದೆ, ಕಿತ್ತ ಕೂಲಿಯೂ ಹುಟ್ಟದೆ ಹೊಲದಲ್ಲೇ ಕುರಿ ಬಿಟ್ಟವನ ಸುದ್ದಿ ಸುತ್ತುವುದಿಲ್ಲ. ಜೊತೆಗೆ, ಹೋದ ವರ್ಷದ ರೇಟು ನೋಡಿ ಎಲ್ಲರೂ ಬಿತ್ತಿದರೆ ಎಲ್ಲರ ಮಾಲೂ ಒಟ್ಟಿಗೆ ಯಶವಂತಪುರದ ಮಾರುಕಟ್ಟೆಗೆ ಬಂದು ರೇಟು ಬೀಳುತ್ತದೆ. ಹೋದ ವರ್ಷದ ಒಳ್ಳೆಯ ರೇಟೇ ಈ ವರ್ಷದ ಕೆಟ್ಟ ರೇಟಿಗೆ ಕಾರಣವಾಗಬಹುದು. ಬಿತ್ತನೆಗೆ ಮುಂಚೆ ಬೀಜದ ಅಂಗಡಿಯಲ್ಲಿ, ಈ ಸಲ ಬೀಜ ಹೋದ ವರ್ಷಕ್ಕಿಂತ ಹೆಚ್ಚು ಹೋಗುತ್ತಿದೆಯೇ ಎಂದು ಕೇಳಿ. ಆ ಒಂದು ಉತ್ತರ ಹಳೆಯ ರೇಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಂದು ಅಗುಳು ಹಿಸುಕಿ ಅನ್ನ ಬೆಂದಿದೆ ಎಂದು ಹೇಳುತ್ತೇವಲ್ಲ, ಅದು ಸರಿ. ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಇವೆ. ಜನ, ಹೊಲ, ಅಂಗಡಿಗಳು ಒಂದೇ ಪಾತ್ರೆಯಲ್ಲಿ ಬೇಯುವುದಿಲ್ಲ. ಒಬ್ಬ ಮೇಷ್ಟ್ರನ್ನು ನೋಡಿ ಎಲ್ಲ ಮೇಷ್ಟ್ರ ಬಗ್ಗೆ, ಒಂದು ಜಾತಿಯ ಒಬ್ಬನನ್ನು ನೋಡಿ ಇಡೀ ಜಾತಿಯ ಬಗ್ಗೆ ಹೇಳುವವರು ಅಗುಳಿನ ನ್ಯಾಯವನ್ನು ಅದು ಹೊಂದದ ಕಡೆ ತಂದು ಹಚ್ಚುತ್ತಾರೆ.

ಹೆಜ್ಜೆ 6: ಕಿವಿಗೆ ಬಿದ್ದ ಮೊದಲ ಸಂಖ್ಯೆಯಿಂದ ಬಿಡಿಸಿಕೊಳ್ಳಿ

1974ರಲ್ಲಿ ಅಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿ ಮತ್ತು ಅದೇ ಕಾನ್ಮನ್ ಪ್ರಕಟಿಸಿದ ಒಂದು ಪ್ರಯೋಗ: ಚಕ್ರ ತಿರುಗಿಸಿ ಒಂದು ಸಂಖ್ಯೆ ತೋರಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಎಂದು ಕೇಳಿದರು. ಚಕ್ರ 10 ತೋರಿಸಿದವರ ನಡುವಣ ಉತ್ತರ 25, 65 ತೋರಿಸಿದವರದು 45. ಚಕ್ರಕ್ಕೂ ವಿಶ್ವಸಂಸ್ಥೆಗೂ ಏನು ಸಂಬಂಧ?

ಚನ್ನಗಿರಿ ಕಡೆ ಅಡಿಕೆ ಮಾರುವವರಿಗೆ ಈ ಚಕ್ರ ಎಂದರೆ ‘ಗರಿಷ್ಠ’ ಧಾರಣೆ. ಮಾರುಕಟ್ಟೆ ವರದಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ಬೆಲೆ) ಎಂದು ಮೂರು ಅಂಕಿ ಇರುತ್ತವೆ. ಬಾಯಿಂದ ಬಾಯಿಗೆ ಹೋಗುವುದು ಗರಿಷ್ಠ ಮಾತ್ರ. ಅದು ಆ ದಿನದ ಅತ್ಯುತ್ತಮ ಮಾಲಿಗೆ ಸಿಕ್ಕ ಬೆಲೆ. ಅದನ್ನೇ ಹಿಡಿದು ಕೂತವರಿಗೆ ನ್ಯಾಯವಾದ ಬೆಲೆಯೂ ಮೋಸದಂತೆ ಕಾಣುತ್ತದೆ. ಸೈಟು ಮಾರುವ ದಲ್ಲಾಳಿಯ ‘ಹೇಳುವ ರೇಟು’ ಕೊಳ್ಳುವವರಿಗೆ ಇದೇ ಕೆಲಸ ಮಾಡುತ್ತದೆ. ಮನೆಯಿಂದ ಹೊರಡುವ ಮುಂಚೆ ಹಿಂದಿನ ಐದು ವಹಿವಾಟಿನ ದಿನದ ಮಾದರಿ ಬೆಲೆ ಬರೆದು, ಅದರ ಕೆಳಗೆ ನಿಮ್ಮ ಕನಿಷ್ಠ ಒಪ್ಪಿಗೆ ಬೆಲೆ ಬರೆದು ಜೇಬಿಗೆ ಹಾಕಿ. ಮಾತುಕತೆ ಶುರುವಾದ ಮೇಲೆ ಬರೆದ ಅಂಕಿಗೆ ಬೆಲೆಯಿಲ್ಲ.

ಹೆಜ್ಜೆ 7: ನಿಲ್ಲಿಸುವ ಗೆರೆಯನ್ನು ಶುರುವಾಗುವ ಮುಂಚೆ ಎಳೆಯಿರಿ

ಬೋರ್ ಗಾಡಿ ಹೊಲಕ್ಕೆ ಬಂದಿದೆ. 500 ಅಡಿ ಆಯಿತು, ಬರೀ ದೂಳು. ಚಿಕ್ಕಪ್ಪ ಹೇಳುತ್ತಾರೆ: “ಇಷ್ಟು ಹಾಕಿದೀವಿ, ಈಗ ಬಿಟ್ರೆ ಎಲ್ಲ ನೀರಾಗೆ ಹೋಮ ಆದಂಗೆ. ಇನ್ನೊಂದು ನೂರು ನೋಡನ ಬಿಡಪ್ಪ.” 600 ಆದಾಗಲೂ ಇದೇ ಮಾತು ಹೇಳಬಹುದು, 800 ಆದಾಗಲೂ ಹೇಳಬಹುದು. ಯಾವ ಆಳದಲ್ಲೂ ಹೇಳಬಹುದಾದ ಕಾರಣ ಮುಂದುವರಿಯಲು ಕಾರಣವೇ ಅಲ್ಲ.

ಹೋದ ದುಡ್ಡು ಬಿಟ್ಟರೂ ಹೋಗಿದೆ, ಕೊರೆದರೂ ಹೋಗಿದೆ. ಕೇಳಬೇಕಾದದ್ದು ಮುಂದಿನ ನೂರು ಅಡಿಯ ಬಗ್ಗೆ ಮಾತ್ರ: ಅದಕ್ಕೆ ಖರ್ಚು ಎಷ್ಟು, ನೀರು ಸಿಗುವ ಸಾಧ್ಯತೆ ಎಷ್ಟು? ಸಾಮಾನ್ಯವಾಗಿ ಒಂದು ಆಳ ದಾಟಿದ ಮೇಲೆ ಅಡಿಯ ದರ ಹಂತ ಹಂತವಾಗಿ ಏರುತ್ತದೆ. ನಮ್ಮ ಗಟ್ಟಿ ಶಿಲೆಯ ನೆಲದಲ್ಲಿ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ, ಆಳಕ್ಕೆ ಹೋದಂತೆ ಬಿರುಕು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಖರ್ಚು ಏರುತ್ತಿದೆ, ಸಾಧ್ಯತೆ ಇಳಿಯುತ್ತಿದೆ, ಮನಸ್ಸು ಮಾತ್ರ ಇನ್ನೇನು ಸಿಕ್ಕಿಬಿಡುತ್ತದೆ ಎನ್ನುತ್ತದೆ.

ಮಾಡಬೇಕಾದದ್ದು: ಗಾಡಿ ಬರುವ ಹಿಂದಿನ ದಿನ, ಸುತ್ತಲಿನ ಬೋರುಗಳಲ್ಲಿ ನೀರು ಸಿಕ್ಕ ಆಳ ಬರೆದುಕೊಳ್ಳಿ. ಭೂವಿಜ್ಞಾನಿಯಿಂದ ಸರ್ವೆ ಮಾಡಿಸಲು ಆಗುವುದಾದರೆ ಮಾಡಿಸಿ. “ಇಷ್ಟು ಅಡಿ, ಇಷ್ಟು ರೂಪಾಯಿ, ಇದರ ಮೇಲೆ ಇಲ್ಲ” ಎಂದು ಬರೆದು ಮನೆಯವರ ಎದುರು ಓದಿ. ನಿಲ್ಲಿಸಿ ಎಂದು ಹೇಳುವ ಹೊಣೆಯನ್ನು ಹೊಲದಲ್ಲಿ ಗಾಡಿಯ ಪಕ್ಕ ನಿಲ್ಲದ ಒಬ್ಬರಿಗೆ ಕೊಡಿ. ಗೆರೆ ದಾಟಬೇಕೆಂದರೆ ಹೊಸ ಸಂಗತಿ ಇರಬೇಕು, ಉದಾಹರಣೆಗೆ ಮೇಲೆ ಬರುವ ಪುಡಿ ಒದ್ದೆಯಾಗಿದೆ ಎಂಬುದು. “ಇಷ್ಟು ಹಾಕಿದೀವಿ” ಎಂಬುದು ಹೊಸ ಸಂಗತಿಯಲ್ಲ.

ಹೆಜ್ಜೆ 8: ದುಡ್ಡಿನ ಸ್ಕೀಮಿಗೆ ಮೂಲ ಪ್ರಶ್ನೆ ಹಾಕಿ

“ಊರಲ್ಲಿ ಎಲ್ಲರೂ ಹಾಕಿದಾರೆ, ಐದು ತಿಂಗಳಿಂದ ಸರಿಯಾಗಿ ಬರ್ತಾ ಐತಿ.” ಇದು ಮೋಸವಾಗಿದ್ದರೆ ಏನು ಕಾಣುತ್ತಿತ್ತು? ಮೊದಲ ಐದು ತಿಂಗಳು ಸರಿಯಾಗಿಯೇ ಬರುತ್ತಿತ್ತು, ಬರದಿದ್ದರೆ ಹೊಸಬರು ಸೇರುವುದಿಲ್ಲ. ಎಲ್ಲರೂ ಹಾಕಿರುತ್ತಿದ್ದರು. ನಂಟರೇ ಬಂದು ಹೇಳುತ್ತಿದ್ದರು. ಹಾಗಾಗಿ ಈ ಮೂರೂ ಸಾಕ್ಷಿಯಲ್ಲ.

ಲೆಕ್ಕ ಹಾಕಿ: ಒಂದು ಲಕ್ಷಕ್ಕೆ ತಿಂಗಳಿಗೆ 5,000. ಐದು ತಿಂಗಳಿಗೆ 25,000, ಅಂದರೆ ನಿಮ್ಮದೇ ಲಕ್ಷದ ಕಾಲುಭಾಗ ನಿಮಗೇ ವಾಪಸ್. ನಿಮ್ಮ ಅಸಲು ಕೈಗೆ ಮರಳಲು 20 ತಿಂಗಳು ಬೇಕು, ಲಾಭದ ಮಾತು 21ನೇ ತಿಂಗಳಿಂದ. ವರ್ಷಕ್ಕೆ ನೂರಕ್ಕೆ 60 ದುಡಿಯುವ ವ್ಯಾಪಾರ ಅವರದಾಗಿದ್ದರೆ ಅದು ಯಾವುದು? ನಿಜ ಮತ್ತು ಮೋಸವನ್ನು ಬೇರೆ ಮಾಡುವ ಸಾಕ್ಷಿ ಬೇರೆಯೇ ಇದೆ: ಠೇವಣಿ ಪಡೆಯಲು ಕಾನೂನಿನ ಅನುಮತಿ ಇದೆಯೇ, ಲೆಕ್ಕಪತ್ರ ತೋರಿಸುತ್ತಾರೆಯೇ. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಮೊದಲನೆಯದನ್ನು ಹುಡುಕಬಹುದು, ದೂರೂ ಕೊಡಬಹುದು. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾನೂನು 2019ರಿಂದ ಇದೆ.

ಹೆಜ್ಜೆ 9: ಮಾತಿಗೆ ಮಾತು ಬೆಳೆದಾಗ

ಹಳಬರು ಚರ್ಚೆಯನ್ನು ಮೂರು ಬಗೆ ಮಾಡಿದ್ದರು. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೊಂದು ನಿಲುವೇ ಇಲ್ಲದೆ ಎದುರಿನವರದನ್ನು ಕೆಡವುವುದು ವಿತಂಡ. ಯಾವುದರಲ್ಲಿ ಇದ್ದೀರಿ ಎಂದು ಮೊದಲು ನೋಡಿಕೊಳ್ಳಿ. ವಿತಂಡವಾದರೆ ಎದ್ದು ಬನ್ನಿ.

ವಾದವೇ ಆದರೆ, ಎದುರಿನವರ ಮಾತನ್ನು ಅವರು “ಹೌದು, ನಾನು ಹೇಳಿದ್ದು ಅದೇ” ಎನ್ನುವಂತೆ ತಿರುಗಿ ಹೇಳಿ. ಹೀಗೆ ಮಾಡಿದರೆ ಅವರು ಹೇಳದ ಮಾತಿಗೆ ಉತ್ತರ ಕೊಡುವ ತಪ್ಪು ತಾನಾಗಿ ತಪ್ಪುತ್ತದೆ. “ಅವನೇನು ಹೇಳೋದು, ಅವನ ಬೋರೇ ಫೇಲಾಗೈತೆ” ಎಂಬ ಮಾತಿಗೆ, ಅವನು ಹೇಳಿದ್ದನ್ನೇ ಬೇರೆಯವರು ಹೇಳಿದ್ದರೆ ಒಪ್ಪುತ್ತಿದ್ದೆವೇ ಎಂದು ಕೇಳಿ. ಆದರೆ ಹೇಳುವವನಿಗೆ ಅದರಲ್ಲಿ ಕಮಿಷನ್ ಇದ್ದರೆ ಅದನ್ನು ಎತ್ತಿ ತೋರಿಸುವುದು ತಪ್ಪಲ್ಲ, ಸಾಕ್ಷಿಯ ತೂಕ ನೋಡುವುದೂ ತರ್ಕವೇ. “ಒಂದೋ ಅಡಿಕೆ ಹಾಕು, ಇಲ್ಲಾ ಹೊಲ ಮಾರು” ಎಂದರೆ ಮೂರನೆಯ ದಾರಿಯೊಂದನ್ನು ಹೇಳಿ ನೋಡಿ. ಮತ್ತೊಂದು: ತಪ್ಪು ಕಾರಣ ಕೊಟ್ಟ ಮಾತ್ರಕ್ಕೆ ತೀರ್ಮಾನ ತಪ್ಪಾಗಬೇಕಿಲ್ಲ. ಅಜ್ಜಿ ಹೇಳಿದ ಕಾರಣ ಸರಿಯಿಲ್ಲದೆ ಹೋದರೂ ನೀರು ಕುದಿಸಿ ಕುಡಿಯುವುದು ಒಳ್ಳೆಯದೇ.

ಹಿರಿಯರ ಜೊತೆ ಎಲ್ಲರ ಎದುರು ಚೌಕ ಬರೆಯಲು ಹೋಗಬೇಡಿ. ಮುಖಭಂಗವಾದ ಮೇಲೆ ಯಾರೂ ಅಂಕಿ ನೋಡುವುದಿಲ್ಲ. “ಚಿಕ್ಕಪ್ಪ, ನೋಡಿಸದೆ ಕೊರೆಸಿದೋರು ಯಾರ್‍ಯಾರು ಅದಾರೆ? ಅವರದು ಎಂಗಾತು?” ಎಂದು ಒಬ್ಬರೇ ಇದ್ದಾಗ ಕೇಳಿ. ಚೌಕದ ಖಾಲಿ ಮನೆಯನ್ನು ಅವರೇ ತುಂಬುತ್ತಾರೆ.

ನೋಟ್‌ಬುಕ್ ಇಡುವ ಬಗೆ

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಮಾಸ್ಕೋಗೂ ಹೋಗುವ ಮುಂಚೆ, ಅಲ್ಲಿ ಏನೇನು ನಡೆಯಬಹುದು ಎಂದು ಬಾರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನೋವಿಜ್ಞಾನಿಗಳು ಕೆಲವರಿಂದ ಅಂದಾಜು ಬರೆಸಿಕೊಂಡಿದ್ದರು. ಆಮೇಲೆ “ನೀವು ಆಗ ಎಷ್ಟು ಬರೆದಿದ್ದಿರಿ?” ಎಂದು ಕೇಳಿದಾಗ, ನಡೆದ ಸಂಗತಿಗಳಿಗೆ ತಾವು ಹೆಚ್ಚು ಸಾಧ್ಯತೆ ಕೊಟ್ಟಿದ್ದೆವು ಎಂದೇ ಬರೆದವರಲ್ಲಿ ಹೆಚ್ಚಿನವರು ನೆನಪಿಸಿಕೊಂಡರು. ಫಿಶಾಫ್ ಮತ್ತು ಬೇತ್ ಇದನ್ನು 1975ರಲ್ಲಿ ಪ್ರಕಟಿಸಿದರು. “ನಂಗೆ ಮೊದಲೇ ಗೊತ್ತಿತ್ತು” ಎಂಬುದು ಸುಳ್ಳು ಹೇಳಿದ್ದಲ್ಲ, ನೆನಪೇ ತಿರುಚಿಕೊಂಡದ್ದು. ಅದರಿಂದಾಗಿಯೇ ನಾವು ನಮ್ಮ ತಪ್ಪಿನಿಂದ ಕಲಿಯುವುದಿಲ್ಲ.

ಪ್ರತಿ ತೀರ್ಮಾನಕ್ಕೂ ನಾಲ್ಕು ಸಾಲು ಸಾಕು: ತಾರೀಕು, ಏನಾಗುತ್ತದೆ ಎಂದುಕೊಂಡಿದ್ದೇನೆ, ನೂರಕ್ಕೆ ಎಷ್ಟು ಖಾತ್ರಿ, ಯಾವ ದಿನ ತೆರೆದು ನೋಡುತ್ತೇನೆ. “ಮೆಕ್ಕೆಜೋಳ ಎಕರೆಗೆ 20 ಕ್ವಿಂಟಾಲ್ ದಾಟುತ್ತದೆ, 80, ದೀಪಾವಳಿ” ಎಂಬಷ್ಟು ಚಿಕ್ಕದಾಗಿ ಬರೆಯಿರಿ. ಮಳೆ, ಮಗನ ಅಂಕ, ಬೆಲೆ, ಚುನಾವಣೆ, ಯಾವುದಾದರೂ ಆಗಬಹುದು. ಹತ್ತಿಪ್ಪತ್ತು ಸೇರಿದ ಮೇಲೆ 80 ಎಂದು ಬರೆದವನ್ನಷ್ಟೇ ಬೇರೆ ಮಾಡಿ ಎಣಿಸಿ. ಹತ್ತರಲ್ಲಿ ಎಂಟು ಆಗಿದ್ದರೆ ನಿಮ್ಮ ಖಾತ್ರಿ ಸರಿಯಾದ ಅಳತೆಯಲ್ಲಿದೆ. ಐದೇ ಆಗಿದ್ದರೆ, ಮುಂದಿನ ಸಲ 80 ಎಂದು ಬರೆಯಲು ಕೈ ಹೋದಾಗ 50 ಎಂದು ಬರೆಯಿರಿ, ಹಾಕುವ ದುಡ್ಡನ್ನೂ ಅದಕ್ಕೆ ತಕ್ಕಂತೆ ಇಳಿಸಿ.